ಒಂದೇ ಅಕ್ಷರ, ಒಂಬತ್ತು ಡಬ್ಬಿ

ನನ್ನ ಷಡ್ಡಕರು ಸೇತುವೆ ಕಟ್ಟುವ ಎಂಜಿನಿಯರು. ನಾನು ಕಂಪ್ಯೂಟರ್ ಮೇಷ್ಟ್ರು. ಆದರೆ ಹೆಂಡತಿಯ ಅಕ್ಕನ ಈ ಯಜಮಾನರು ಹತ್ತು ಜನರ ಮುಂದೆ ನನ್ನನ್ನು ‘ಟೈಪಿಂಗ್ ಮೇಷ್ಟ್ರು’ ಎಂದೇ ಪರಿಚಯಿಸುತ್ತಾರೆ. ಕಳೆದ ಭಾನುವಾರ ಗಂಡ ಹೆಂಡತಿ ಇಬ್ಬರೂ ಕಾಫಿಗೆ ಬರುತ್ತಾರೆಂದು ತಿಳಿದಾಗ, ಈ ಕಳಂಕವನ್ನು ತೊಳೆದೇಬಿಡಬೇಕೆಂದು ನಿರ್ಧರಿಸಿದೆ. ಅಸ್ತ್ರ ಅಡುಗೆಮನೆಯಲ್ಲೇ ಇತ್ತು: ಒಂದೇ ಅಚ್ಚಿನ ಒಂಬತ್ತು ಸ್ಟೀಲ್ ಡಬ್ಬಿಗಳು.

ಪಾಠ ಇಷ್ಟೇ. ‘ಅ’ ಎಂಬ ಅಕ್ಷರ ಕಂಪ್ಯೂಟರಿನ ಹೊಟ್ಟೆಯಲ್ಲಿ ಅ ಆಗಿಯೇ ಕೂರುವುದಿಲ್ಲ. ಅದಕ್ಕೊಂದು ಸಂಖ್ಯೆಯಿದೆ, ಆ ಸಂಖ್ಯೆಯನ್ನು ಬೈಟ್ ಎಂಬ ಪುಟ್ಟ ಡಬ್ಬಿಗಳಲ್ಲಿ ತುಂಬಿಡಬೇಕು. ಯುಟಿಎಫ್-೧೬ ಎಂಬ ಪದ್ಧತಿಗೆ ಎರಡು ಡಬ್ಬಿ ಸಾಕು, ಯುಟಿಎಫ್-೮ಕ್ಕೆ ಮೂರು. ಯುಟಿಎಫ್-೩೨ ಮಾತ್ರ ದೊಡ್ಡ ಮನೆತನದ್ದು. ಎರಡು ಖಾಲಿ ಕೂತರೂ ಚಿಂತೆಯಿಲ್ಲ, ನಾಲ್ಕು ಬೇಕೇ ಬೇಕು. ತುಂಬಿದ ಪದ್ಧತಿ ತಿಳಿಯದೆ ತೆರೆದರೆ ಅ ಹೋಗಿ ಇನ್ನೇನೋ ಬರುತ್ತದೆ.

ಹೆಂಡತಿ ಬಿಸ್ಕತ್ತು ತರಲು ಹೋದಾಗ ತಾಲೀಮಿಗೆಂದು ಮುಚ್ಚಳಗಳನ್ನು ತೆಗೆದೆ. ಹಿಂದೊಮ್ಮೆ (ಡಾಕ್ಟರು ನನಗೆ ಸಿಹಿ ನಿಲ್ಲಿಸಿದ ಹೊಸದರಲ್ಲಿ) ‘ಸಕ್ಕರೆ’ ಎಂದು ಚೀಟಿ ಅಂಟಿಸಿದ್ದ ಡಬ್ಬಿಯಿಂದ ಕದ್ದು ಒಂದು ಚಮಚ ಬಾಯಿಗೆ ಹಾಕಿಕೊಂಡು, ಅದು ಉಪ್ಪೆಂದು ತಿಳಿದರೂ ಕಳ್ಳನಾದ್ದರಿಂದ ಕೂಗಲಾರದೆ ನುಂಗಿದ್ದೆ. ಈಗ ನೋಡಿದರೆ ‘ಉಪ್ಪು’ ಎಂಬ ಡಬ್ಬಿಯಲ್ಲಿ ಸಕ್ಕರೆ! ಪಾಪ, ಮನೆಯಾಕೆಗೆ ಮರೆವು ಎಂದುಕೊಂಡು ಎರಡನ್ನೂ ಅದಲುಬದಲು ಮಾಡಿ, ಚೀಟಿಗೆ ತಕ್ಕಂತೆ ತುಂಬಿದೆ. ಶ್ರಮಕ್ಕೆ ಸಂಭಾವನೆಯಾಗಿ ಎರಡು ಚಮಚ ಸಕ್ಕರೆಯನ್ನೂ ಸ್ವೀಕರಿಸಿದೆ.

ನೆಂಟರು ಬಂದರು, ಕಾಫಿಯೂ ಬಂತು. ನನ್ನದು ಎಂದಿನಂತೆ ಸಕ್ಕರೆಯಿಲ್ಲದ್ದು. ಡಬ್ಬಿಗಳನ್ನು ತಂದು ಟೀಪಾಯಿಯ ಮೇಲೆ ಸಾಲಾಗಿ ಇಟ್ಟು ಪ್ರವಚನ ಆರಂಭಿಸಿದೆ. ಷಡ್ಡಕರು ಒಂದು ಗುಟುಕು ಕುಡಿದು ಸ್ತಬ್ಧರಾದರು. ಯುಟಿಎಫ್-೮ರ ಹೊತ್ತಿಗೆ ಅವರ ಕಣ್ಣಲ್ಲಿ ನೀರಾಡಿತು, ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನನ್ನ ಪಾಠಕ್ಕೆ ಕರಗಿದವರನ್ನು ನಾನು ತರಗತಿಯಲ್ಲೂ ಕಂಡಿರಲಿಲ್ಲ. ಎದೆಯುಬ್ಬಿ ಬಂತು. ಆ ಎರಡು ಖಾಲಿ ಡಬ್ಬಿಗಳ ಬಗ್ಗೆ ಹೆಚ್ಚುವರಿ ವ್ಯಾಖ್ಯಾನವನ್ನೂ ದಯಪಾಲಿಸಿದೆ.

ಕೊನೆಗೆ ಹೆಂಡತಿ ಬಂದು ಕೂತು ತನ್ನ ಲೋಟ ಬಾಯಿಗಿಟ್ಟಳು. ಲೋಟ ಕೆಳಗಿಳಿಯಿತು.

“ರೀ, ಡಬ್ಬಿ ಮುಟ್ಟಿದ್ರಾ?”

“ಮುಟ್ಟಿದ್ದೇನು, ಸರಿ ಮಾಡಿದೀನಿ. ಉಪ್ಪಿನ ಡಬ್ಬಿಲಿ ಸಕ್ಕರೆ ಇಟ್ಟಿದ್ದೆಯಲ್ಲೇ.”

“ನಿಮ್ಮ ಕೈಗೆ ಸಿಗಬಾರದು ಅಂತಲೇ ಇಟ್ಟಿದ್ದು. ನಾನೇನು ಚೀಟಿ ಓದಿಕೊಂಡು ಕಾಫಿ ಮಾಡ್ತೀನಾ? ಯಾವುದರಲ್ಲಿ ಏನಿದೆ ಅಂತ ನನ್ನ ಕೈಗೆ ಗೊತ್ತು.”

ಅಷ್ಟು ಹೊತ್ತು ಮರ್ಯಾದೆಗೆ ಕಟ್ಟುಬಿದ್ದು ಉಪ್ಪು ಕಾಫಿ ಕುಡಿದಿದ್ದ ಷಡ್ಡಕರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಈಗ ಅರ್ಥ ಆಯ್ತು ನೋಡಿ. ತುಂಬಿದವರದು ಒಂದು ಪದ್ಧತಿ, ತೆಗೆದವರದು ಇನ್ನೊಂದು. ಅದಕ್ಕೇ ಕೆಟ್ಟೋಯ್ತು. ಮೇಷ್ಟ್ರೇ, ಈ ಪಾಠ ಜನ್ಮದಲ್ಲಿ ಮರೆಯಲ್ಲ.”

ಗಮನಿಸಿದಿರಾ? ಆ ಮೇಷ್ಟ್ರ ಹಿಂದೆ ಟೈಪಿಂಗ್ ಇರಲಿಲ್ಲ! ಬಾಗಿಲಿನವರೆಗೆ ಹೋಗಿ ಅವರನ್ನು ಬೀಳ್ಕೊಟ್ಟು ಬರುವಾಗ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಇಂಥ ವಿಜಯಕ್ಕೆ ಒಂದು ಚಮಚವಾದರೂ ಬೇಡವೇ? ರಾತ್ರಿ ಮೆಲ್ಲಗೆ ಅಡುಗೆಮನೆಗೆ ನುಸುಳಿದೆ. ಒಂಬತ್ತು ಡಬ್ಬಿಗಳೂ ಮರಳಿ ಜಾಗಕ್ಕೆ ಬಂದು ಫಳಫಳ ಹೊಳೆಯುತ್ತಿದ್ದವು. ಒಂದರ ಮೇಲೂ ಚೀಟಿ ಇರಲಿಲ್ಲ.

“ಪದ್ಧತಿ ಗೊತ್ತಿದ್ದೋರು ಮಾತ್ರ ತೆಗೀಬೇಕು ಅಂತ ನೀವೇ ಅಲ್ವಾ ಹೇಳಿದ್ದು?” ಎಂದಳು ಹಿಂದಿನಿಂದ.

ಸೋಲೊಪ್ಪುವ ಜಾತಿ ನನ್ನದಲ್ಲ. ತೂಕ ನೋಡಿ, ಅಲ್ಲಾಡಿಸಿ, ಒಂದನ್ನು ಆರಿಸಿ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ಮೆಣಸಿನಪುಡಿ. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಕೇಳಿದ ದಿನವೇ ಇಷ್ಟು ಚೆನ್ನಾಗಿ ಪ್ರಯೋಗಿಸಿದ ಶಿಷ್ಯೆ ಇವಳೊಬ್ಬಳೇ. ಬಹಳ ಹೆಮ್ಮೆಯಿಂದ ಸೀನಿದೆ.