ಒಂದು ಗೇಣು ಬಲಕ್ಕೆ

ಅಳತೆಯಲ್ಲಿ ನಾನು ತಪ್ಪುವವನಲ್ಲ; ತಪ್ಪುವುದು ಅಭಿಪ್ರಾಯದಲ್ಲಿ. ವಿಜ್ಞಾನದ ಮೇಷ್ಟ್ರಿಗೆ ಇದು ಒಳ್ಳೆಯ ಜೋಡಣೆಯಲ್ಲ ಎಂದು ಹೊನ್ನವಳ್ಳಿಗೆ ವರ್ಗವಾಗಿ ಬಂದಾಗಲೇ ತಿಳಿಯಬೇಕಿತ್ತು. ತಿಳಿದದ್ದು ನಿಂಗಪ್ಪನವರ ಹೆಸರು ಕೆಟ್ಟ ಮೇಲೆ.

ನಿಂಗಪ್ಪನವರು ನಮ್ಮ ಮನೆಯ ಮಾಲೀಕರು, ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು. ಅಟ್ಟದಲ್ಲಿ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವಷ್ಟು ಸೂಕ್ಷ್ಮ ಕಿವಿಯವರು. ಅವರ ಮಿಲಿಟರಿ ಕಥೆಗಳನ್ನು ಮಾತ್ರ ಪಕ್ಕದ ತೋಟದ ಜವರಪ್ಪ ನಂಬುತ್ತಿರಲಿಲ್ಲ. "ಲೇ ನಿಂಗಾ, ನೀನು ಅಲ್ಲಿ ಹಿಡ್ದಿದ್ದು ಸೌಟು ಕಣ್ಲಾ, ಕೋವಿ ಅಲ್ಲ," ಎನ್ನುತ್ತಿದ್ದ. ಒಂದು ಆಷಾಢದ ಮಧ್ಯಾಹ್ನ ಇದು ಪಂಥಕ್ಕೆ ತಿರುಗಿತು. ಕೆರೆ ಏರಿಯ ಮಣ್ಣಿಗೆ ಸುಣ್ಣದ ಬೊಟ್ಟಿಟ್ಟ ತೆಂಗಿನಕಾಯಿಯೊಂದನ್ನು ಒರಗಿಸಿದರು. ನೂರು ಗಜ ದೂರ, ಒಂದೇ ಗುಂಡು. ಹಿಂದೆ ಊರೆಲ್ಲ ನಿಂತಿತ್ತು.

ಗಾಳಿ ಎಡದಿಂದ ಬೀಸುತ್ತಿತ್ತು. ತೆಂಗಿನ ಗರಿಗಳೆಲ್ಲ ಬಲಕ್ಕೆ ಬಾಚಿದಂತಿದ್ದವು. ನಿಂಗಪ್ಪನವರು ತಮ್ಮ ಲೈಸೆನ್ಸಿನ ರೈಫಲನ್ನು ಭುಜಕ್ಕಿಟ್ಟು, "ಗಾಳಿ ಜಾಸ್ತಿ ಮೇಷ್ಟ್ರೇ. ಒಂದ್ ಗೇಣು ಎಡಕ್ಕಿಟ್ಟು ಹೊಡೀತೀನಿ," ಎಂದು ಮೆಲ್ಲಗೆ ಅಂದರು. ನಾನು ಅವರ ಕಿವಿಯಲ್ಲಿ, ನಳಿಗೆಯೊಳಗಿನ ಸುರುಳಿ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ, ತಿರುಗುವ ಗುಂಡನ್ನು ಗಾಳಿ ಏನೂ ಮಾಡದು, ನೇರವಾಗಿ ಹೊಡೆಯಿರಿ ಎಂದೆ. ಅವರು ಕ್ಷಣ ಯೋಚಿಸಿದರು. "ಓದಿರೋರು ನೀವು," ಎಂದು ನೇರವಾಗಿ ಹೊಡೆದರು.

ಕಾಯಿ ಅಲ್ಲಾಡಲಿಲ್ಲ. ಪಕ್ಕದಲ್ಲಿ ಮಣ್ಣು ಹಾರಿತು. ನಾನೇ ಹೋಗಿ ಕೈಯಿಟ್ಟು ಅಳೆದು, ಎಲ್ಲರಿಗೂ ಕೇಳುವಂತೆ, "ಬೊಟ್ಟಿನಿಂದ ಸರಿಯಾಗಿ ಒಂದು ಗೇಣು ಬಲಕ್ಕೆ, ಅರ್ಧ ಬೆರಳು ಕೆಳಕ್ಕೆ," ಎಂದು ಸಾರಿದೆ.

ಮರುದಿನದಿಂದ ಜವರಪ್ಪ, "ಗೇಣು ಹವಾಲ್ದಾರ ಬಂದ, ದಾರಿ ಬುಡ್ರಲಾ," ಎನ್ನತೊಡಗಿದ. ಊರೂ ಅಂದಿತು. ಸಲಹೆ ಯಾರದೆಂದು ನಿಂಗಪ್ಪನವರು ಬಾಯಿ ಬಿಡಲಿಲ್ಲ. ಕಥೆ ಹೇಳುವುದನ್ನೇ ಬಿಟ್ಟರು. ಒಂದು ಸಂಜೆ ನನ್ನನ್ನು ಕರೆದು ಜಗಲಿಯ ಮೇಲೆ ಬುಗುರಿ ಆಡಿಸಿದರು. ಗಾಳಿಗೆ ಅದು ನಿಧಾನವಾಗಿ ಅಂಚಿನತ್ತ ಸರಿಯಿತು. "ನೋಡಿ ಮೇಷ್ಟ್ರೇ, ಬೀಳ್ದಂಗೆ ನಿಂತದೆ. ಆದ್ರೂ ಜಾಗ ಬುಟ್ಟು ಹೋಯ್ತಾ ಅದಲ್ಲ," ಎಂದರು. ಕೋಪವಿರಲಿಲ್ಲ. ತಿರುಗುವಿಕೆ ಗುಂಡಿನ ಮೂತಿಯನ್ನು ನೆಟ್ಟಗೆ ಇಡುತ್ತದೆ, ಅಷ್ಟೆ. ಗಾಳಿ ಅದನ್ನು ಒಯ್ಯುವಷ್ಟು ಒಯ್ಯುತ್ತದೆ. ಆ ಅರ್ಧ ಬೆರಳು ಕೆಳಕ್ಕೆ ಇಳಿದದ್ದಂತೂ ಅಡ್ಡಗಾಳಿಯಲ್ಲಿ ಗುಂಡು ಬುಗುರಿಯಂತೆ ತಿರುಗಿದ್ದರಿಂದಲೇ ಎಂದು ಆಮೇಲೆ ಓದಿದೆ.

ನಿಜ ಹೇಳಿಬಿಡಬೇಕೆಂದು ಮೂರು ಸಲ ಜವರಪ್ಪನ ತೋಟಕ್ಕೆ ಹೋದೆ. ಪ್ರತಿ ಸಲವೂ ಅವನು, "ಏನ್ ಮೇಷ್ಟ್ರೇ, ಈ ಕಡೆ?" ಎಂದ. ಪ್ರತಿ ಸಲವೂ ನಾನು, "ಗಾಳಿ ಜಾಸ್ತಿ ಕಣಪ್ಪ," ಎಂದು ಹಿಂದಿರುಗಿದೆ. ಆ ಮಾತು ಗುರಿಯಿಂದ ಎಷ್ಟು ಗೇಣು ಆಚೆ ಬಿತ್ತೆಂದು ಮಾತ್ರ ನಾನು ಅಳೆಯಲಿಲ್ಲ.