ಒಂದು ಹೆಸರು ತಡವಾದ ಹಾಜರಿ

ಗಡಿನಾಡ ಹಂಚು ಮಾರಾಟ ಸಹಕಾರಿ ಸಂಘದ ಖಾನಾಪುರ ಶಾಖೆಯ ವ್ಯವಸ್ಥಾಪಕ ಬಸಲಿಂಗಪ್ಪನವರು ತಮ್ಮ ಇಡೀ ಸೇವಾವಧಿಯಲ್ಲಿ ಒಂದು ದಿನವೂ ಕಚೇರಿ ತಪ್ಪಿಸಿದವರಲ್ಲ. ಆದಕಾರಣ, ಸತತ ಗೈರುಹಾಜರಿಗಾಗಿ ಅವರನ್ನು ಸೇವೆಯಿಂದ ತೆಗೆದುಹಾಕಲು ಸಂಘವು ಕ್ರಮಬದ್ಧವಾಗಿ ನಿರ್ಧರಿಸಿತು.

ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಇದ್ದರೆ ಬಸಲಿಂಗಪ್ಪನವರದೇ ಇತ್ತು, ಮತ್ತು ಅದನ್ನು ಅವರೂ ಅಲ್ಲಗಳೆಯುತ್ತಿರಲಿಲ್ಲ.

ಶಾಖೆಯ ಸಿಬ್ಬಂದಿಯಲ್ಲಿ ಮಾಯಪ್ಪ ಎಂಬವನೊಬ್ಬನಿದ್ದ. ಸಂಘದ ಅಧ್ಯಕ್ಷರ ತಂಗಿಯ ಮಗ. ನಂದಗಡದಲ್ಲಿ ಅವನದೇ ಕಿರಾಣಿ ಅಂಗಡಿ ಇದ್ದುದರಿಂದ ಕಚೇರಿಗೆ ಬರಲು ಬಿಡುವಾಗುತ್ತಿರಲಿಲ್ಲ; ಪಗಾರದ ದಿನ ಮಾತ್ರ ಎಷ್ಟೇ ಕೆಲಸವಿದ್ದರೂ ಬಿಡುವು ಮಾಡಿಕೊಂಡು ಬರುತ್ತಿದ್ದ. ಬಸಲಿಂಗಪ್ಪನವರು ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಗೈರು’ ಬರೆದು ಬರೆದು ಬೆಳಗಾವಿಯ ಕೇಂದ್ರ ಕಚೇರಿಗೆ ಕಳಿಸಿದರು. ಕೇಂದ್ರ ಕಚೇರಿ ಕೆಂಪು ಶಾಯಿಯ ಖರ್ಚಿನ ಬಗ್ಗೆ ವಿವರಣೆ ಕೇಳಿತು.

ಆಗಲೇ ಸರ್ಕಾರ ಇಂಟರ್ನೆಟ್ಟಿನಲ್ಲಿ ಮಾತಾಡಲು ಪರವಾನಗಿ ಕೊಟ್ಟಿತು. ಬಸಲಿಂಗಪ್ಪನವರು ಬೆಳಗಾವಿಯಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿ, ಅದರ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ ಹೊಸತು. ದಿನಾ ಮುಂಜಾನೆ ಕೇಂದ್ರ ಕಚೇರಿಯವರೇ ಇಂಟರ್ನೆಟ್ ಫೋನಿನಲ್ಲಿ ಹೆಸರು ಕರೆದು ಹಾಜರಿ ಹಾಕಬೇಕು, ಎಸ್‌ಟಿಡಿ ಖರ್ಚಿಲ್ಲ, ಮಾಯಪ್ಪನ ಮೌನವನ್ನು ಅವರು ಸ್ವಂತ ಕಿವಿಯಿಂದ ಕೇಳಲಿ ಎಂದು ಯೋಜನೆ ಬರೆದರು. ನಿಯಮಗಳನ್ನೂ ಅವರೇ ಬರೆದರು. ಹಾಜರಿಯ ವಿಷಯದಲ್ಲಿ ಧ್ವನಿಯೇ ಅಂತಿಮ ಸಾಕ್ಷ್ಯ. ಒಂದು ತಿಂಗಳು ಸತತ ಗೈರಾದವರ ಸೇವೆ ತಾನಾಗಿ ಮುಕ್ತಾಯ. ಹೆಸರುಗಳನ್ನು ಹಿರಿತನದ ಪ್ರಕಾರ ಕರೆಯತಕ್ಕದ್ದು. ಈ ಕೊನೆಯದನ್ನು ಬರೆಯುವಾಗ ತಮ್ಮ ಹೆಸರು ಮೊದಲು ಕೇಳಿಬರುವುದನ್ನು ನೆನೆದು ಅವರು ಮೀಸೆಯಲ್ಲೇ ನಕ್ಕದ್ದುಂಟು.

ಉದ್ಘಾಟನೆಯ ದಿನ ಕಂಪ್ಯೂಟರಿಗೆ ಹೂವಿನ ಮಾಲೆ ಹಾಕಿದರು. ಶಾಖೆಯ ನಾಲ್ವರಲ್ಲಿ ಮೂವರು ಮೈಕಿನ ಮುಂದೆ ಕೂತರು: ಬಸಲಿಂಗಪ್ಪ, ಗುಮಾಸ್ತೆ ಪ್ರಮಿಳಾ, ಕಾವಲುಗಾರ ಕರೆಪ್ಪ. ಬೆಳಗಾವಿಯಿಂದ ಆಡಳಿತ ವಿಭಾಗದ ಬಾಳಾಸಾಹೇಬರು ಓದತೊಡಗಿದರು.

“ಬಸಲಿಂಗಪ್ಪ!”

“ಹಾಜರ್ ರೀ!” ಎಂದು ಬಸಲಿಂಗಪ್ಪನವರು ಕಿಟಕಿ ನಡುಗುವಂತೆ ಕೂಗಿದರು.

ಈ ಕೂಗು ಬೆಳಗಾವಿಗೆ ಹೊರಟಿತು. ಆದರೆ ಇಂಟರ್ನೆಟ್ಟಿನ ದಾರಿ ಎಲ್ಲೆಲ್ಲೋ ಸುತ್ತಿ ಹೋಗುವುದರಿಂದ ಅದು ತಲುಪಲು ಸ್ವಲ್ಪ ಹೊತ್ತು ಹಿಡಿಯಿತು. ಬಾಳಾಸಾಹೇಬರು ಕಾಯುವವರಲ್ಲ. ಕಾಯುತ್ತ ಕೂತರೆ ಸಂಪರ್ಕವೇ ಕಡಿದುಹೋಗುತ್ತದೆ.

“ಗೈರು. ಪ್ರಮಿಳಾ!”

ಪ್ರಮಿಳಾ ಎನ್ನುವುದಕ್ಕೂ ಬಸಲಿಂಗಪ್ಪನವರ ‘ಹಾಜರ್’ ಬಂದು ಮುಟ್ಟುವುದಕ್ಕೂ ಸರಿಹೋಯಿತು. ಪ್ರಮಿಳಾ ಹಾಜರಾದಳು. ಪ್ರಮಿಳಾಳ ದನಿ ಕರೆಪ್ಪನ ಹೆಸರಿಗೆ ಬಿತ್ತು. ಕರೆಪ್ಪನ ಗೊಗ್ಗರು ದನಿ, ಆ ಹೊತ್ತಿಗೆ ನಂದಗಡದಲ್ಲಿ ಬೆಲ್ಲ ತೂಗುತ್ತಿದ್ದ ಮಾಯಪ್ಪನ ಹೆಸರಿಗೆ ಬಿತ್ತು. ನಾಲ್ವರಲ್ಲಿ ಮೂವರು ಹಾಜರಿದ್ದರು, ಮೂವರ ಹಾಜರಿ ಬಿತ್ತು. ಲೆಕ್ಕದಲ್ಲಿ ಯಾವ ದೋಷವೂ ಕಾಣಲಿಲ್ಲ.

ಬಸಲಿಂಗಪ್ಪನವರು “ನಾ ಇಲ್ಲೇ ಅದೀನ್ರಿ!” ಎಂದು ಕೂಗಿದ್ದು ಬಾಳಾಸಾಹೇಬರು ಕಂಪ್ಯೂಟರ್ ಬಂದ್ ಮಾಡಿ ಚಹಾಕ್ಕೆ ಹೋದ ಮೇಲೆ ತಲುಪಿರಬೇಕು. ಕಚೇರಿಯ ಫೋನಿನಿಂದಲೇ ಹೇಳೋಣವೆಂದರೆ ಅದೇ ತಂತಿಯಲ್ಲಿ ಇಂಟರ್ನೆಟ್ ಕೂತಿತ್ತು. ಅದನ್ನು ಎಬ್ಬಿಸಿ ಫೋನು ಹಚ್ಚಿದರೆ ಬೆಳಗಾವಿಯವರು ಹಾಜರಿಯ ದೂರುಗಳನ್ನು ಇಂಟರ್ನೆಟ್ ಫೋನಿನಲ್ಲೇ ಸ್ವೀಕರಿಸಲಾಗುವುದು ಎಂದರು. ಆ ನಿಯಮವೂ ಬಸಲಿಂಗಪ್ಪನವರದೇ.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಬಸಲಿಂಗಪ್ಪನವರು ಬೇಗ ಕೂಗಿ ನೋಡಿದರು, ಆದರೆ ಮೊದಲ ಹೆಸರಿಗಿಂತ ಮುಂಚೆ ಸಂಪರ್ಕವೇ ಇರುತ್ತಿರಲಿಲ್ಲ; ಮೈಕನ್ನು ಬಾಯೊಳಗೆ ಇಟ್ಟುಕೊಂಡು ಕೂಗಿ ನೋಡಿದರು. ತಮ್ಮದೇ ಕೂಗು ತಿರುಗಿ ಬಂದು ಅವರ ಕಿವಿಗೇ ಬಡಿಯಿತು. ಕಡೆಗೆ ಬಸ್ಸು ಹತ್ತಿ ಬೆಳಗಾವಿಗೆ ಹೋಗಿ ಬಾಳಾಸಾಹೇಬರ ಮುಂದೆ ನಿಂತರು.

“ಬರ್ರಿ, ಕುಂದರ್ರಿ. ನಿಮ್ಮ ಯೋಜನಾ ಭಾಳ ಛಲೋ ನಡದೈತಿ ನೋಡ್ರಿ,” ಎಂದರು ಬಾಳಾಸಾಹೇಬರು.

“ಸಾಹೇಬ್ರ, ನಾ ದಿನಾ ಅಲ್ಲೇ ಕುಂತಿರ್ತೀನ್ರಿ. ನನ್ನ ದನಿ ಬರೂದು ತಡಾ ಆಗ್ತೈತ್ರಿ.”

“ದನಿ ತಡಾ ಆದ್ರ ದನೀಗೆ ಅರ್ಧಾ ದಿನದ ರಜಾ ಹಾಕ್ರಿ.”

“ಪ್ರಮಿಳಾನ ಹೆಸರಿಗೆ ಗಂಡಸಿನ ದನಿ ಬರ್ತೈತಲ್ರಿ, ಅದಾದ್ರೂ ನೋಡ್ರಿ.”

“ಪತ್ರಕದಾಗ ಗಂಡಸಿನ ದನಿ, ಹೆಂಗಸಿನ ದನಿ ಅಂತ ಕಾಲಮ್ ಇಲ್ಲಲ್ರಿ.”

ಬಸಲಿಂಗಪ್ಪನವರು ಮೇಜಿನ ಹತ್ತಿರಕ್ಕೆ ಸರಿದರು. “ಈಗ ನಾನಽ ನಿಮ್ಮ ಮುಂದ ನಿಂತೀನಲ್ರಿ! ಇದಕ್ಕಿಂತ ಸಾಕ್ಷಿ ಬೇಕೇನ್ರಿ?”

ಬಾಳಾಸಾಹೇಬರು ಕನ್ನಡಕ ತೆಗೆದು ಬಹಳ ಕನಿಕರದಿಂದ ನೋಡಿದರು. “ಅದಽ ನಿಮಗ ಮುಳುವಾತು ನೋಡ್ರಿ. ನೀವು ಇಲ್ಲಿ ಅದೀರಿ ಅಂದ್ರ ಖಾನಾಪುರದಾಗ ಇಲ್ಲ ಅಂತಾತು. ಇಷ್ಟು ದಿನದ್ದು ಬಿಡ್ರಿ, ಇವತ್ತಿನ ಗೈರು ಮಾತ್ರ ಖರೇನ ಗೈರು.”

ತಿಂಗಳು ತುಂಬುತ್ತ ಬಂದಾಗ ಸೇವೆ ಮುಕ್ತಾಯದ ನೋಟಿಸು ಬಂತು. ಅದನ್ನು ಶಾಖೆಯ ಪರವಾಗಿ ಬಸಲಿಂಗಪ್ಪನವರೇ ಸಹಿ ಮಾಡಿ ಪಡೆದರು, ಬಸಲಿಂಗಪ್ಪನವರು ಕಚೇರಿಯಲ್ಲಿ ಇಲ್ಲವೆಂಬ ಒಕ್ಕಣೆಯನ್ನು ಓದಿದರು, ಟಪಾಲು ಮುದ್ರೆ ಒತ್ತಿದರು. ಮುದ್ರೆ ಸೊಟ್ಟಗಾಯಿತು. ಮಗಳು ಸೃಷ್ಟಿಯ ಕಾಲೇಜು ಇನ್ನೂ ಮುಗಿದಿರಲಿಲ್ಲ. ಈ ವಯಸ್ಸಿನಲ್ಲಿ ಹಂಚು ಬಿಟ್ಟರೆ ಅವರಿಗೆ ಬೇರೆ ಏನೂ ಗೊತ್ತಿರಲಿಲ್ಲ. ನಿಜವಾಗಿಯೂ ಹೆದರಿಕೆಯಾಯಿತು.

ಮೊದಲ ಹೆಸರಿನ ಜಾಗ ಬಿಟ್ಟುಕೊಡುತ್ತೇನೆ ಎಂದು ಪ್ರಮಿಳಾಳನ್ನು ಕೇಳಿದರು. “ನಾ ಯಾಕ ಗೈರಾಗ್ಲಿ ಸರ್? ನೀವು ಹಿರಿಯರು,” ಎಂದಳು. ಕರೆಪ್ಪನೂ ಅಷ್ಟೇ ಗೌರವದಿಂದ ಹಿಂದೆ ಸರಿದ.

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕಾಂತಾ ಎಲ್ಲ ಕೇಳಿ ಹೇಳಿದಳು: “ಯಾರು ಗೈರಾದ್ರ ಯಾರಿಗೂ ತ್ರಾಸ ಇಲ್ಲ, ಅಂಥವ್ರ ಹೆಸರು ನಿಮ್ಮ ಮ್ಯಾಲ ಬರೀರಲಾ. ಅವ್ರ ಪಾಲಿನ ಹಾಜರ್ ನೀವಽ ಅನ್ರಿ. ಅದು ತಡಾ ಮಾಡಿ ನಿಮ್ಮ ಹೆಸರಿಗೆ ಬೀಳ್ತೈತಿ.”

ಅಂಥವರು ಸಂಘದಲ್ಲಿ ಒಬ್ಬರೇ ಇದ್ದರು: ಸಂಸ್ಥಾಪಕರೂ ಅಧ್ಯಕ್ಷರ ತಂದೆಯವರೂ ಆದ ದಿವಂಗತ ಗುರುಪಾದಪ್ಪನವರು. ಅವರು ಖಾನಾಪುರ ಶಾಖೆಯಲ್ಲಿ ಗೋಡೆಯ ಮೇಲೆ, ಬಸಲಿಂಗಪ್ಪನವರ ಸರ್ಟಿಫಿಕೇಟಿನ ಪಕ್ಕದಲ್ಲಿದ್ದರು. ಸಂಸ್ಥಾಪಕರ ಹೆಸರಿನಿಂದಲೇ ಹಾಜರಿ ಆರಂಭವಾಗಲಿ ಎಂಬ ಕೋರಿಕೆ ಹೋದಾಗ ಅಧ್ಯಕ್ಷರ ಕಣ್ಣು ತುಂಬಿ ಬಂದವಂತೆ. ಕೂಡಲೇ ಆದೇಶವಾಯಿತು.

“ಗುರುಪಾದಪ್ಪ!” ಎಂದರು ಬಾಳಾಸಾಹೇಬರು ಮರುದಿನ. ಬಸಲಿಂಗಪ್ಪನವರು ಫೋಟೋಕ್ಕೆ ಕೈಮುಗಿದು “ಹಾಜರ್ ರೀ!” ಎಂದರು, ತಮ್ಮ ಹೆಸರಿಗೆ ಇನ್ನೊಮ್ಮೆ ಎಂದರು. ದಿವಂಗತರು ಗೈರಾದರು, ಬಸಲಿಂಗಪ್ಪನವರು ಹಾಜರಾದರು. ನೌಕರಿ ಉಳಿಯಿತು. ಮಾಯಪ್ಪನ ಹಾಜರಿ ಎಂದಿನಂತೆ ಮುಂದುವರಿಯಿತು.

ಕೆಲವು ತಿಂಗಳ ಮೇಲೆ ಒಂದು ಮುಂಜಾನೆ, ಯಾರೂ ಕೇಳಿಕೊಳ್ಳದೆ, ಸಂಪರ್ಕ ಸರಿಹೋಯಿತು. ಅಂದ ಮಾತು ಅಂದ ಕೂಡಲೇ ಮುಟ್ಟತೊಡಗಿತು. ಅಂದು ದಿವಂಗತ ಗುರುಪಾದಪ್ಪನವರು ಹಾಜರಿದ್ದರು, ಮಾಯಪ್ಪ ಮೊಟ್ಟಮೊದಲ ಬಾರಿಗೆ ಗೈರಾದ. ಸಂಜೆಯೊಳಗೆ ಸುತ್ತೋಲೆ ಬಂತು:

“ಸಂಪರ್ಕದ ವೇಗ ಹೆಚ್ಚಿದ ಕಾರಣ ಶಾಖೆಯ ಶಿಸ್ತಿಗೆ ಧಕ್ಕೆ ಉಂಟಾಗಿರುವುದು ಗಮನಕ್ಕೆ ಬಂದಿರುತ್ತದೆ. ಇನ್ನು ಮುಂದೆ ಸಿಬ್ಬಂದಿಯು ತಮ್ಮ ಹೆಸರು ಕರೆದಾಗ ಮೌನವಾಗಿದ್ದು, ಮುಂದಿನವರ ಹೆಸರು ಕರೆದಾಗ ಉತ್ತರಿಸತಕ್ಕದ್ದು. ಸಂಸ್ಥಾಪಕರು ಹಾಜರಾದ ಒಂದು ದಿನದ ವೇತನವನ್ನು ಅವರ ಸಹಿ ಪಡೆದು ಪಾವತಿಸತಕ್ಕದ್ದು.”

ಬಸಲಿಂಗಪ್ಪನವರು ಇದನ್ನು ತಪ್ಪದೆ ಪಾಲಿಸಿದರು. ಪಾಲಿಸಿ ಪಾಲಿಸಿ ಅದು ಮೈಗೇ ಅಂಟಿತು. ಮನೆಯಲ್ಲಿ ಕಾಂತಾ ಊಟಕ್ಕೆ ಕರೆದರೆ ಸುಮ್ಮನಿರುತ್ತಿದ್ದರು; ಸೃಷ್ಟಿಯನ್ನು ಕರೆದಾಗ ಎದ್ದು ಬರುತ್ತಿದ್ದರು. ಕಾಂತಾ ಮಗಳನ್ನೇ ಎರಡು ಸಲ ಕರೆಯುವುದನ್ನು ರೂಢಿಮಾಡಿಕೊಂಡಳು.

ಆ ವರ್ಷದ ವಾರ್ಷಿಕ ಸಭೆ ಬೆಳಗಾವಿಯಲ್ಲಿ ನಡೆಯಿತು. ಸುತ್ತೋಲೆಯ ನಂತರದ ಉತ್ತಮ ಹಾಜರಿಗೆ ಎರಡು ಬಹುಮಾನಗಳಿದ್ದವು. ಬಾಳಾಸಾಹೇಬರು ಮೈಕಿನಲ್ಲಿ ಕೂಗಿದರು: “ದ್ವಿತೀಯ ಬಹುಮಾನ, ಬಸಲಿಂಗಪ್ಪ!”

ಬಸಲಿಂಗಪ್ಪನವರು ಮೂರನೆಯ ಸಾಲಿನಲ್ಲಿ ಕೂತೇ ಇದ್ದರು. ರೂಢಿಯಂತೆ ಕಾಲು ಏಳಲಿಲ್ಲ.

“ಗೈರು. ಪ್ರಥಮ ಬಹುಮಾನ, ಮಾಯಪ್ಪ!”

“ಹಾಜರ್ ರೀ!” ಎಂದು ಬಸಲಿಂಗಪ್ಪನವರು ಎದ್ದು, ವೇದಿಕೆ ಹತ್ತಿ, ಅಧ್ಯಕ್ಷರ ಕೈಯಿಂದ ಗೋಡೆ ಗಡಿಯಾರ ಸ್ವೀಕರಿಸಿದರು. ಅಧ್ಯಕ್ಷರು ತಂಗಿಯ ಮಗನಿಗೆ ಮಾಡುವಂತೆ ಅವರ ಬೆನ್ನು ತಟ್ಟಿದರು. ಸಭೆ ಚಪ್ಪಾಳೆ ತಟ್ಟಿತು. ಮಾಯಪ್ಪ ಎಂದಿನಂತೆ ಬಂದಿರಲಿಲ್ಲ.

ಗಡಿಯಾರ ಈಗ ಅವರ ಮನೆಯ ನಡುಮನೆಯಲ್ಲಿದೆ. ಅದರ ಮೇಲೆ ‘ಶ್ರೀ ಮಾಯಪ್ಪ, ತಪ್ಪದ ಹಾಜರಿಗಾಗಿ’ ಎಂದು ಬರೆದಿದೆ. ಬಂದವರು ಮಾಯಪ್ಪ ಯಾರೆಂದು ಕೇಳುತ್ತಾರೆ. “ನಮ್ಮ ಮನಿಯವರಽ ರೀ,” ಎನ್ನುತ್ತಾಳೆ ಕಾಂತಾ, ಚಹಾದ ಕಪ್ಪು ಮುಂದಿಡುತ್ತ.