ಬಗ್ಗಿ ಬರಬೇಕಾದ ಬಾಗಿಲು

ನಮ್ಮ ಸೋದರಮಾವ ಬಾಗಲಕೋಟೆಯ ನವನಗರದಲ್ಲಿ ಕೂತು ಒಂದು ವರ್ಷದಿಂದ ಒಂದೇ ಬಾಗಿಲು ಮಾಡುತ್ತಿದ್ದಾನೆ ಎಂದರೆ, ನೀವು ಅವನನ್ನು ಬಡಿಗ ಎಂದುಕೊಂಡೀರಿ. ಛೇ ಛೇ! ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆದವನಲ್ಲ ಆತ. ಅವನ ಬಾಗಿಲು ಇರುವುದು ಕಂಪ್ಯೂಟರಿನೊಳಗೆ, ಬಂದೂಕು ಹಿಡಿದು ಓಡಾಡುವ ಆಟದಲ್ಲಿ!

ಇಂಥ ಆಟಗಳಿಗೆ ಆಡುವವರೇ ಹೊಸ ಊರು, ಹೊಸ ಓಣಿ ಕಟ್ಟಬಹುದಂತೆ. ಬಾಗಿಲುಗಳೂ ಸಿದ್ಧವಾಗಿಯೇ ಸಿಗುತ್ತವೆ. ಗುಂಡಿ ಒತ್ತಿದರೆ ತೆರೆಯಿತು, ಮುಗಿಯಿತು. ಮಾಮಾನಿಗೆ ಅದು ಸೇರಬೇಕಲ್ಲ!

“ಅದೇನ್ ಬಾಗಲಾ? ಸರಪಳಿ ಕಳಚಬೇಕು, ಅಗಳಿ ಸರೀಬೇಕು, ಕಿರ್ರ್ ಅನಬೇಕು!”

ಹಳೆ ಊರಿನಲ್ಲಿದ್ದು, ಆಲಮಟ್ಟಿ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿಹೋದ ನಮ್ಮ ಮನೆಯ ಮುಂಬಾಗಿಲನ್ನೇ ಅಲ್ಲಿ ನಿಲ್ಲಿಸುತ್ತೇನೆಂದು ಅವನ ಹಠ.

ಕಿರ್ರ್ ಸದ್ದಿಗಾಗಿ ನಮ್ಮ ಬಚ್ಚಲ ಬಾಗಿಲಿಗೆ ಎಣ್ಣೆ ಹಾಕುವುದೇ ನಿಷಿದ್ಧವಾಯಿತು. ಯಾರಾದರೂ ಸ್ನಾನಕ್ಕೆ ಹೊರಟರೆ ಮೊಬೈಲು ಹಿಡಿದು ಹಿಂದೆ ಓಡಿ ಬರುತ್ತಿದ್ದ. ಬಂದ ಬೀಗರ ಹಿಂದೆಯೂ! ಅವನ ಅವ್ವ, ಅಂದರೆ ನಮ್ಮ ಆಯಿ, ಹಣೆ ಬಡಿದುಕೊಂಡಳು. “ಇವನ ಸುಳ್ಳ ಬಾಗಲದ ಸಲುವಾಗಿ ಖರೇ ಬಾಗಲಾ ಒದರಬೇಕಂತ! ಎಂಥವನ್ನ ಹಡದ್ನೆವ್ವಾ!”

ಬಾದಾಮಿಗೆ ಹೋದಾಗಲೂ ಅಷ್ಟೇ. ಗೈಡು ಛತ್ತಿನ ಕೆತ್ತನೆ ತೋರಿಸುತ್ತಿದ್ದರೆ ಈತ ಒಂದು ಗುಡಿಯ ಹೊಸ್ತಿಲ ಬಳಿ ಬೋರಲು ಬೀಳುವುದೊಂದು ಬಾಕಿ. ಬಾಗಿಲ ಗೂಟ ತಿರುಗುತ್ತಿದ್ದ ಕುಳಿಗೆ ಬೆರಳು ಹಾಕಿ ನೋಡುತ್ತಿದ್ದ.

“ಸಾಹೇಬ್ರ, ಮ್ಯಾಲ ನೋಡ್ರಿ!”

“ಮ್ಯಾಲಿಂದು ಎಲ್ಲಾರೂ ನೋಡ್ತಾರ. ನೀ ಮುಂದ ಹೋಗಪಾ.”

ಅಂತೂ ಬಾಗಿಲು ನಿಂತಿತು. ಆದರೆ ಆಟದ ತಂಡದ ಮುಖ್ಯಸ್ಥ, ಇಳಕಲ್ಲಿನ ಒಬ್ಬ ಯುವಕ, ತಕರಾರು ತೆಗೆದ. ಮಾಮಾ ಮೈಕು ಹಚ್ಚಿಕೊಂಡು ಜಗಳಕ್ಕೆ ಕೂತ. ಸ್ಪೀಕರಿನಲ್ಲಿ ನನಗೂ ಎಲ್ಲ ಕೇಳುತ್ತಿತ್ತು.

“ಕಾಕಾ, ಬಾಗಲಾ ಭಾಳ ಗಿಡ್ಡ ಆಗೇತ್ರಿ. ಓಡಿ ಬಂದಾವ ಹಣಿ ಬಡದು ಅಲ್ಲೇ ನಿಂದರತಾನ, ಹಿಂದಿನಾವ ಗುಂಡ ಹೊಡೀತಾನ.”

“ಬಗ್ಗಿ ಬರಲಿ.”

“ಯುದ್ಧದಾಗ ಯಾರ ಬಗ್ತಾರ್ರಿ?”

“ಬಂದೂಕ ಹಿಡಕೊಂಡು ಮಂದಿ ಮನಿ ಹೊಗಾವ್ರು ಅಷ್ಟರ ಮರ್ಯಾದಿ ಕಲೀಲೋ!”

ಇಳಕಲ್ಲಿನವನೂ ಬಗ್ಗಲಿಲ್ಲ. ಬಾಗಿಲು ಎತ್ತರಿಸದಿದ್ದರೆ ಮಾಮಾ ಕಟ್ಟಿದ ಊರನ್ನೇ ಆಟದಿಂದ ತೆಗೆದುಹಾಕುತ್ತೇವೆ ಎಂದುಬಿಟ್ಟ. ವರ್ಷದ ದುಡಿತ! “ಒಂದ್ ಗೇಣು ಎತ್ತರಾ ಮಾಡಿದ್ರ ಏನಾಗತೈತೋ ಮಾಮಾ?” ಎಂದೆ. ನನ್ನನ್ನು ಕೊಲ್ಲುವಂತೆ ನೋಡಿದ.

ಅಷ್ಟರಲ್ಲಿ ಆಯಿ ಚಹಾ ತಂದಳು. ಆ ಕಂಪ್ಯೂಟರಿನ ಕಡೆ ತಿರುಗಿಯೂ ನೋಡದವಳು. ಮಾಮಾ ಆಟದೊಳಗಿನ ಮನುಷ್ಯನನ್ನು ಬಾಗಿಲಿಗೆ ನಡೆಸಿದ್ದ. ಸರಪಳಿ ಕಳಚಿತು, ಅಗಳಿ ಸರಿಯಿತು, ಬಾಗಿಲು ಕಿರ್ರ್ ಎಂದಿತು. ಆಯಿ ಚಹಾದ ಕಪ್ಪು ಹಿಡಿದುಕೊಂಡೇ ನಿಂತುಬಿಟ್ಟಳು. ತೆರೆಯ ಮೇಲೆ ಹೊಸ್ತಿಲು ಹತ್ತಿರ ಬರುತ್ತಿದ್ದಂತೆ ಸೆರಗು ಸರಿಮಾಡಿಕೊಂಡು ತಾನೂ ತಲೆ ತಗ್ಗಿಸಿದಳು.

“ಸಾವಕಾಶ ಹೋಗೋ ತಮ್ಮಾ, ಹಣಿ ಬಡದೀತು.”

“ಹೂಂ ಬೇ, ಬಗ್ಗೇನಿ” ಎಂದ ಮಾಮಾ.

ಮೈಕು ತೆರೆದೇ ಇತ್ತು. ಇಳಕಲ್ಲಿನವ ಮೆಲ್ಲಗೆ, “ಕಾಕಾ, ಬಾಗಲಾ ಹಂಗ ಇರಲಿ ಬಿಡ್ರಿ. ನಮ್ಮ ಹುಡುಗರಿಗೆ ಬಗ್ಗಾಕ ಹೇಳ್ತೇನಿ” ಎಂದ.